ಎರವಲು ಅಂಗಾಲು

ರಕ್ತದೊತ್ತಡದ ಮಾತ್ರೆ ತೆಗೆದುಕೊಂಡು ಹೋಗಲು ಬಂದಿದ್ದ ಹಾಲಮ್ಮನನ್ನು ಡಾಕ್ಟರ್ ಸುಲೋಚನಾ ಬಣಕಾರ್ ಸ್ವಲ್ಪ ಹೊತ್ತು ಕೂರಿಸಿಕೊಂಡರು. ಹೊರಗಿನ ಸಾಲು ಕರಗಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು.

"ಹಾಲಮ್ಮ, ನಿಮ್ಮ ಕಾಲು ನಮಗೆ ಬೇಕಾಗಿತ್ತಲ್ಲ."

ಹಾಲಮ್ಮ ಜೋರಾಗಿ ನಕ್ಕುಬಿಟ್ಟಳು. "ನಂಗೇ ಕೆಲ್ಸಕ್ಕೆ ಬಾರದ ಕಾಲು ನಿಮಗ್ಯಾಕ್ರೀ ಡಾಕ್ಟ್ರಮ್ಮ? ಬೇಕಂದ್ರೆ ಬಿಚ್ಕೊಂಡ್ ಹೋಗ್ರಿ, ಗಾಡಿ ಆದ್ರೂ ಹಗುರಾಗುತ್ತೆ."

ಆಕೆಗೆ ಐವತ್ತು ವರ್ಷ. ದೇಶದಿಂದ ಪೋಲಿಯೋ ಕಾಲ್ತೆಗೆಯುವ ಮುನ್ನ ಅದರ ಕೈಗೆ ಸಿಕ್ಕ ಕೊನೆಯ ಮಕ್ಕಳಲ್ಲಿ ಒಬ್ಬಳು. ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಎರಡೂ ಕಾಲು ಸೋತಿದ್ದವು. ತೆವಳುವುದರಿಂದ ಹಿಡಿದು ಮೂರು ಗಾಲಿಯ ಬ್ಯಾಟರಿ ಗಾಡಿಯವರೆಗೆ ಎಲ್ಲವನ್ನೂ ಆಕೆ ಕಂಡಿದ್ದಳು, ನಿಲ್ಲುವುದೊಂದನ್ನು ಬಿಟ್ಟು. ದಾವಣಗೆರೆಯಲ್ಲಿ ಅಣ್ಣನ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಕುಳಿತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಊರಿನ ದೊಡ್ಡ ಸೀರೆ ಅಂಗಡಿಯ ವಿರೂಪಾಕ್ಷಪ್ಪ, ಮದುವೆ ಸೀರೆ ಬಂದರೆ ಹಾಲಮ್ಮನ ಬೆರಳು ಮುಟ್ಟದೆ ಗಿರಾಕಿಗೆ ಕೊಡುತ್ತಿರಲಿಲ್ಲ.

ಹಳೆಯ ಹತ್ತಿ ಮಿಲ್ಲಿನ ಗೋದಾಮಿನಲ್ಲಿ ನಡೆಯುತ್ತಿದ್ದ ಆ ಉಚಿತ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಸಕ್ಕರೆ ಕಾಯಿಲೆಯವರು. ಅವರಲ್ಲಿ ಅನೇಕರಿಗೆ ಪಾದದ ನರಗಳು ಸತ್ತು ಸ್ಪರ್ಶವೇ ಹೋಗಿರುತ್ತಿತ್ತು. ಮೊಳೆ ಚುಚ್ಚಿದರೆ ಗೊತ್ತಿಲ್ಲ, ಕೆಂಡ ತುಳಿದರೆ ಗೊತ್ತಿಲ್ಲ. ಗಾಯ ಕೀವಾಗಿ ವಾಸನೆ ಬಂದಮೇಲೆ ಡಾಕ್ಟರ ಬಳಿ ಬರುವುದು, ಬೆರಳು ಕಳೆದುಕೊಳ್ಳುವುದು, ಆಮೇಲೆ ಪಾದ, ಆಮೇಲೆ ಮೊಣಕಾಲು. ಕುಳಿತು ಉಣ್ಣುವ ಅನುಕೂಲ ಇದ್ದವರಾದರೆ ಕಾಲನ್ನು ದಿಂಬಿನ ಮೇಲಿಟ್ಟು ಕಾಪಾಡಿಕೊಂಡಾರು. ನಡೆದರೆ ಮಾತ್ರ ಅನ್ನ ಎನ್ನುವವರು ಏನು ಮಾಡಬೇಕು?

ಅದಕ್ಕೆಂದೇ ಒಂದು ಉಪಾಯ ಹುಟ್ಟಿಕೊಂಡಿತ್ತು. ಕೂದಲಿಗಿಂತ ಸಣ್ಣ ತಂತಿಗಳನ್ನು ನೂಲಿನ ಜೊತೆ ಹೆಣೆದ ಸಾಕ್ಸು. ಒತ್ತಡ, ಬಿಸಿ, ಚುಚ್ಚು, ಒದ್ದೆ, ಎಲ್ಲವನ್ನೂ ಅದು ಗ್ರಹಿಸುತ್ತದೆ. ರೋಗಿಯ ಮೊಬೈಲಿನ ಮೂಲಕ ಆ ಸುದ್ದಿ ಇನ್ನೊಬ್ಬರ ಮೊಣಕಾಲ ಹಿಂದೆ ಕಟ್ಟಿದ ಪಟ್ಟಿಗೆ ಹೋಗುತ್ತದೆ. ಪಟ್ಟಿ ಅಲ್ಲಿನ ನರವನ್ನು ಮೆಲ್ಲಗೆ ಮೀಟುತ್ತದೆ. ಇವರು ತುಳಿದದ್ದು ಅವರ ಅಂಗಾಲಿಗೆ ತಿಳಿಯುತ್ತದೆ.

"ಅಲ್ರೀ, ಇನ್ನೊಬ್ರಿಗ್ಯಾಕೆ? ಅವರದ್ದೇ ಮೈಮ್ಯಾಲೆ ಬ್ಯಾರೆ ಎಲ್ಲಾರ ಕಟ್ಟಬಾರ್ದಾ?" ಎಂದು ಹಾಲಮ್ಮ ಕೇಳಿದಳು.

ಯಂತ್ರವನ್ನು ಮಾಡಿದ ತಂಡದ ಎಂಜಿನಿಯರ್ ಸಿಂಚನಾ ಪಕ್ಕದಲ್ಲೇ ಇದ್ದಳು. "ಅದನ್ನೇ ಮೊದಲು ಮಾಡಿದ್ವಿ ಆಂಟಿ, ತೋಳಿಗೆ ಕಟ್ಟಿದ್ವಿ. ಸ್ವಲ್ಪ ದಿನ ಸರಿಯಾಗಿತ್ತು. ಆಮೇಲೆ ಮಿದುಳು ಅದನ್ನ ಕೇಳೋದೇ ಬಿಟ್ಟುಬಿಡ್ತು. ಕೈಯಲ್ಲಿರೋ ಬಳೆ ನಿಮಗೆ ಇಡೀ ದಿನ ಗೊತ್ತಾಗ್ತಾ ಇರುತ್ತಾ? ಹಾಗೆ. ಆದ್ರೆ ಪರರ ಕಾಲು ಮಿದುಳಿಗೆ ಹಳೇದಾಗೋದಿಲ್ಲ. ಇದ್ಯಾರಪ್ಪ ಅಂತ ಗಮನ ಇಟ್ಟೇ ಇರುತ್ತೆ."

"ಹಂಗಾರೆ ಹೆಂಡ್ತೀರಿಗೆ ಕಟ್ರಿ."

"ಕಟ್ಟಿದ್ವಲ್ಲ," ಎಂದರು ಡಾಕ್ಟರು, ನಗು ತಡೆದುಕೊಂಡು. "ದಾದಾಪೀರ್ ಅಂತ ಒಬ್ಬರಿದ್ದಾರೆ. ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ತಳ್ಳುಗಾಡೀಲಿ ಮಂಡಕ್ಕಿ ಚೀಲ ಸಾಗಿಸ್ತಾರೆ. ಅವರ ಹೆಂಡ್ತಿ ಮಹಬೂಬಿಗೆ ಪಟ್ಟಿ ಕಟ್ಟಿದ್ವಿ. ಅತ್ತ ಅವರು ಮೆಟ್ಟಿಲು ಹತ್ತಿದ್ರು. ಇತ್ತ ಈಕೆ ತಾನೂ ಹತ್ತಬೇಕು ಅಂತ ಕಾಲೆತ್ತಿ ಗಂಜಿ ಪಾತ್ರೆ ಸಮೇತ ಬಿದ್ದರು. ತನ್ನ ನಡಿಗೆ ಯಾವುದು, ಗಂಡನ ನಡಿಗೆ ಯಾವುದು ಅಂತ ಗೊತ್ತಾಗದೇ ಇದ್ರೆ ಯಾರಿಗೆ ತಾನೇ ನಡೆಯೋಕಾಗುತ್ತೆ?"

ಹಾಲಮ್ಮನ ನಗು ನಿಂತಿತು. ಡಾಕ್ಟರು ತನ್ನನ್ನು ಯಾಕೆ ಕೂರಿಸಿಕೊಂಡರು ಎಂಬುದು ಆಕೆಗೆ ಈಗ ಹೊಳೆಯಿತು.

"ಪೋಲಿಯೋ ಕಸಿಯೋದು ಬಲಾನ ಮಾತ್ರ, ಸ್ಪರ್ಶಾನ ಅಲ್ಲ," ಎಂದರು ಡಾಕ್ಟರು. "ನಿಮ್ಮ ಪಾದಕ್ಕೆ ಇರುವೆ ಹತ್ತಿದ್ರೂ ಗೊತ್ತಾಗುತ್ತೆ. ಆದ್ರೆ ಅದಕ್ಕೆ ನಡೆಯೋ ಕೆಲಸ ಇಲ್ಲ. ದಾದಾಪೀರ್ ಕಾಲಿಗೆ ಬಲ ಇದೆ, ಸುದ್ದಿ ಇಲ್ಲ. ಈಗಾಗಲೇ ಒಂದು ಕಿರುಬೆರಳು ಹೋಗಿದೆ. ಇನ್ನೊಂದು ಗಾಯ ಆದ್ರೆ ನಾನು ಆ ಕಾಲು ಉಳಿಸ್ತೀನಿ ಅಂತ ಮಾತು ಕೊಡೋಕಾಗಲ್ಲ. ಬೇಡ ಅನ್ನಿಸಿದ್ರೆ ಬೇಡ ಅಂದುಬಿಡಿ. ಪಟ್ಟಿ ಯಾವಾಗ ಬೇಕಾದ್ರೂ ಬಿಚ್ಚಬಹುದು. ನೋವೂ ಅರ್ಧದಷ್ಟೇ ಬರೋ ಹಾಗೆ ಮಾಡಿದೀವಿ."

ಮನೆಗೆ ಹೋಗಿ ಹೇಳಿದಾಗ ಅತ್ತಿಗೆ ನೀಲಮ್ಮ ಕೆನ್ನೆ ಬಡಿದುಕೊಂಡಳು. "ಯಾರೋ ಗಂಡಸಿನ ಕಾಲು ನೀ ಯಾಕ್ ಹೊರ್ತೀಯೇ? ಜನ ಏನಂದಾರು?"

"ಜನ ನನ್ ನೋಡಿ ಪಾಪ ಅಂದಿದ್ದು ಬಿಟ್ರೆ ಇನ್ನೇನೂ ಅಂದಿಲ್ಲ ಅತ್ತಿಗೆ," ಎಂದಳು ಹಾಲಮ್ಮ. "ಬ್ಯಾರೆ ಏನಾರಾ ಅನ್ಲಿ ಬಿಡು, ಕೇಳನ."

*

ಮೊದಲ ಪರೀಕ್ಷೆ ನಡೆದದ್ದು ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ. ದಾದಾಪೀರ್ ಎತ್ತರದ ಆಳು, ನರೆತ ಗಡ್ಡ, ಅಂಗಿಯ ತೋಳಿನ ಮಡಿಕೆಯಲ್ಲೆಲ್ಲ ಮಂಡಕ್ಕಿ ಹೊಟ್ಟು. ಸಾಕ್ಸು ಹಾಕಿಕೊಂಡು, ಚಿಕಿತ್ಸಾಲಯದವರು ಕೊಟ್ಟ ಬೂಟಿನಲ್ಲಿ ಕಾಲಿಟ್ಟು, ನಾಚಿಕೆಯಿಂದ ಗೋಡೆ ನೋಡುತ್ತ ನಿಂತಿದ್ದ. ಸಿಂಚನಾ ಹಾಲಮ್ಮನ ಮೊಣಕಾಲ ಹಿಂದೆ ಪಟ್ಟಿ ಬಿಗಿದು, ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಅಣ್ಣಾ, ನಡೀರಿ" ಎಂದಳು.

ಹಾಲಮ್ಮ ಎರಡೂ ಕೈಯಲ್ಲಿ ಗಾಡಿಯ ಹಿಡಿ ಹಿಡಿದುಕೊಂಡಳು. ನೆಲ ತಣ್ಣಗಿರುವುದು, ಒರಟಾಗಿರುವುದು, ಜಾರುವುದು, ಎಲ್ಲ ಆಕೆಗೆ ತಿಳಿದಿದ್ದೇ. ತೆವಳುವವರಿಗಿಂತ ನೆಲವನ್ನು ಚೆನ್ನಾಗಿ ಬಲ್ಲವರು ಯಾರು? ಆದರೆ ಇದು ಬೇರೆ. ಹಿಮ್ಮಡಿಯಿಂದ ಶುರುವಾಗಿ ಪಾದದ ಅಂಚಿನಗುಂಟ ಹರಿದು ಹೆಬ್ಬೆರಳಿನ ಬುಡಕ್ಕೆ ಬಂದು ಇಳಿಯುವ ಒಂದು ಭಾರ. ಒಂದು ಕಾಲಿನದು ಮುಗಿಯುವುದರೊಳಗೆ ಇನ್ನೊಂದರದು ಶುರು. ನೆಲ ತನ್ನನ್ನು ಕೆಳಗಿನಿಂದ ಎತ್ತಿ ಹಿಡಿದಿದೆ ಎನ್ನಿಸಿತು.

"ನಿಲ್ಸು ತಮ್ಮಾ!" ಎಂದು ಕೂಗಿದಳು.

ದಾದಾಪೀರ್ ಗಾಬರಿಯಾಗಿ ನಿಂತ. "ಯಾಕಕ್ಕಾ, ನೋವಾತಾ?"

"ಇಲ್ಲ." ಆಕೆ ತನ್ನ ಪಾದಗಳನ್ನೇ ನೋಡುತ್ತಿದ್ದಳು. "ಮನುಷ್ಯರು ಇಷ್ಟೊಂದು ಭಾರ ಇರ್ತಾರಾ?"

ಸಿಂಚನಾ, ಡಾಕ್ಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲಮ್ಮ ಕಣ್ಣು ಒರೆಸಿಕೊಂಡು, "ಹ್ಞೂಂ, ಈಗ್ ನಡಿ. ಮೆಲ್ಲಕ ನಡಿ" ಎಂದಳು.

*

ಕುಚ್ಚು ಕಟ್ಟುತ್ತ ಕುಳಿತಲ್ಲೇ ಹಾಲಮ್ಮ ಊರು ಸುತ್ತತೊಡಗಿದಳು. ಬೆಳಗ್ಗೆ ಭಟ್ಟಿಯ ಮುಂದಿನ ಮರಳು, ಬೂಟಿನೊಳಗೂ ಬೆಚ್ಚಗೆ. ಆಮೇಲೆ ರೈಲ್ವೆ ಗೇಟಿನ ಹಳಿಗಳು, ದಪ್ಪ ಗೆರೆಗಳ ಹಾಗೆ. ಹಳೇ ಪೇಟೆಯ ಚಪ್ಪಡಿ ಕಲ್ಲು, ಡಾಂಬರಿನ ತರಿತರಿ, ಅಂಗಡಿ ಮೆಟ್ಟಿಲು. ಗಾಡಿ ಏರಿನಲ್ಲಿದ್ದರೆ ಭಾರವೆಲ್ಲ ಬೆರಳ ಬುಡಕ್ಕೆ, ಇಳಿಜಾರಿನಲ್ಲಿ ಹಿಮ್ಮಡಿಗೆ. ಮಂಡಕ್ಕಿ ಚೀಲ ನೋಡಲು ಗುಡ್ಡ, ತೂಕದಲ್ಲಿ ಹತ್ತಿ. ಎದುರುಗಾಳಿ ಬೀಸಿದರೆ ಮಾತ್ರ ಗಾಡಿ ಎತ್ತಿನಂತೆ ಮೊಂಡು ಹಿಡಿಯುತ್ತದೆ ಎಂಬುದೂ ಆಕೆಗೆ ಕಾಲಿನಿಂದಲೇ ಗೊತ್ತಾಯಿತು.

ಫೋನು ಮಾಡಿ ಹೇಳುವಳು. "ತಮ್ಮಾ, ಎಡಗಾಲ ಬೂಟ್ನಾಗೆ ಹರಳು ಸೇರೈತೆ, ತಗಿ."

ಅವನು ಅಲ್ಲೇ ಕುಳಿತು ಬೂಟು ಕೊಡವಿದರೆ, ಹೌದು, ಜೋಳದ ಕಾಳಿನಷ್ಟು ಕಲ್ಲು.

"ಬಲಗಾಲು ಸಾಕ್ಸು ಒದ್ದಿ ಆಗೈತೆ. ಬದ್ಲಾಯಿಸ್ಕೋ. ಆಮ್ಯಾಲೆ ಅಂಗಡಿ ಮುಂದೆ ಅಷ್ಟೊತ್ತು ನಿಂತ್ಕಂಡು ಏನ್ ಮಾಡ್ತಿದ್ದಿ?"

"ಒಂದು... ಒಂದೇ ಜಿಲೇಬಿ ಅಕ್ಕಾ."

"ನಿಂತಿದ್ ನೋಡಿದ್ರೆ ಒಂದೇ ಆಗಿರ್ಲಿಕ್ಕಿಲ್ಲ."

"ಮನಿಯಾಗೆ ಹೆಂಡ್ತಿ, ಕಾಲಾಗೆ ನೀನು. ನಾ ಎಲ್ಲಿ ಹೋಗಿ ಸಾಯ್ಲಿ!" ಎಂದು ದಾದಾಪೀರ್ ಗೋಳಾಡುತ್ತಿದ್ದ.

ಒಂದು ಮಧ್ಯಾಹ್ನ ಮಹಬೂಬಿಯೇ ಬಂದಳು. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು. ಗೋಡೆಗೆ ಒರಗಿ ಕುಳಿತ ಹೆಂಗಸು, ಮಡಿಲ ತುಂಬ ರೇಷ್ಮೆ ಎಳೆ, ಚಾಪೆಯ ಮೇಲೆ ಮಗುವಿನಂಥ ಸಣ್ಣ ಪಾದಗಳು. ಮುಖದ ಬಿಗಿ ಸಡಿಲಿತು. ತಂದಿದ್ದ ಡಬ್ಬಿಯನ್ನು ಇಟ್ಟು ಪಕ್ಕದಲ್ಲಿ ಕುಳಿತಳು.

"ನನ್ ಗಂಡನ ಕಾಲು ಹೆಂಗೈತಕ್ಕಾ?"

"ಈಗ ಗೇಟು ದಾಟ್ತು. ಚಲೋ ಐತೆ."

"ನಂಗೂ ಹಂಗೇ ಗೊತ್ತಾಗಿದ್ರೆ ಚಲೋ ಇತ್ತು. ಬಿದ್ದು ಮರ್ಯಾದಿ ಹೋತು." ಇಬ್ಬರೂ ನಕ್ಕರು. ಡಬ್ಬಿಯಲ್ಲಿ ಕುಂಬಳಕಾಯಿ ಹಲ್ವ ಇತ್ತು. ನೀಲಮ್ಮ ಮೂಗು ಮುರಿಯುತ್ತಲೇ ಒಂದು ತುತ್ತು ಬಾಯಿಗಿಟ್ಟುಕೊಂಡು, ಹೇಗೆ ಮಾಡುವುದೆಂದು ಕೇಳಿದಳು. ಅಲ್ಲಿಂದ ಆ ಡಬ್ಬಿ ಎರಡು ಮನೆಗಳ ನಡುವೆ ಓಡಾಡತೊಡಗಿತು.

ಚಿಕಿತ್ಸಾಲಯದಲ್ಲಿ ಹಾಲಮ್ಮನ ರಕ್ತದೊತ್ತಡ ನೋಡಿದ ಡಾಕ್ಟರು ಮತ್ತೊಮ್ಮೆ ನೋಡಿದರು. ಇಳಿದಿತ್ತು. ನಿದ್ದೆ ಹೇಗೆ ಎಂದು ಕೇಳಿದರೆ, "ಊರೆಲ್ಲ ತಿರುಗಿ ಬಂದ ಮ್ಯಾಲೆ ನಿದ್ದಿ ಬರ್ದೇ ಇರ್ತೈತಾ?" ಎಂದಳು.

*

ಬೇಸಿಗೆ ಬಂತು. ಒಂದು ದಿನ ಹಾಲಮ್ಮ ಹಸಿರು ರೇಷ್ಮೆಯ ಸೆರಗಿಗೆ ಗಂಟು ಹಾಕುತ್ತಿದ್ದಾಗ ಎರಡೂ ಅಂಗಾಲು ಒಮ್ಮೆಗೇ ಉರಿದವು. ಕಾದ ಹಂಚಿನ ಮೇಲೆ ಇಟ್ಟ ಹಾಗೆ. ಸೀರೆ ಕೈಬಿಟ್ಟು ಫೋನು ಎತ್ತಿಕೊಂಡಳು. ಅತ್ತಲಿಂದ ಉತ್ತರವಿಲ್ಲ. ಮೊಬೈಲು ಚೀಲಗಳ ಕೆಳಗೆ ಎಲ್ಲೋ ಇದ್ದಿರಬೇಕು. ಉರಿ ನಿಲ್ಲಲಿಲ್ಲ, ಹೆಜ್ಜೆಯೂ ನಿಲ್ಲಲಿಲ್ಲ. ಅವನಿಗೆ ಗೊತ್ತೇ ಇಲ್ಲ.

"ಬಿಚ್ಚೇ ಪಟ್ಟಿ!" ಎಂದು ನೀಲಮ್ಮ ಓಡಿ ಬಂದಳು. ನಾದಿನಿಯ ಮುಖ ಬೆವೆತು ಬಿಳಿಚಿಕೊಂಡಿತ್ತು.

"ಬ್ಯಾಡ. ಬಿಚ್ಚಿದ್ರೆ ಅವ ಎಲ್ಲದಾನೆ ಅಂತ ಹೆಂಗೆ ಗೊತ್ತಾಗ್ಬೇಕು?" ಹಾಲಮ್ಮ ಕಣ್ಣು ಮುಚ್ಚಿದಳು. ಗೇಟು ದಾಟಿ ಹೊತ್ತಾಗಿತ್ತು. ಚಪ್ಪಡಿ ಕಲ್ಲು ಮುಗಿದಿತ್ತು. ಆಮೇಲೆ ಒಂದು ಸಣ್ಣ ಏರು. ಏರು ಮುಗಿದ ಮೇಲೆ ಇರುವುದು ಸೀರೆ ಅಂಗಡಿಗಳ ರಸ್ತೆ. ಅಲ್ಲಿ ಹೊಸದಾಗಿ ಡಾಂಬರು ಹಾಕುತ್ತಾರೆಂದು ಮೊನ್ನೆ ವಿರೂಪಾಕ್ಷಪ್ಪ ದೂಳಿಗೆ ಬೈಯುತ್ತಿದ್ದದ್ದು ನೆನಪಾಯಿತು. ಅವರಿಗೇ ಫೋನು ಹಚ್ಚಿದಳು.

"ಸಾವ್ಕಾರ್ರೆ, ಹೊರಗ್ ಬರ್ರಿ! ಮಂಡಕ್ಕಿ ಗಾಡಿ ಕಾಣ್ತೈತಾ? ಅವನ್ನ ನಿಲ್ಸ್ರಿ, ಬೂಟು ಬಿಚ್ಚಿಸ್ರಿ, ಕಾಲಿಗೆ ನೀರು ಹಾಕ್ಸ್ರಿ!"

ಫೋನಿನಲ್ಲೇ ಆಕೆ ಕೇಳಿಸಿಕೊಂಡಳು: ವಿರೂಪಾಕ್ಷಪ್ಪನ ಏದುಸಿರು, "ಏಯ್ ಮಂಡಕ್ಕೀ, ನಿಲ್ಲಪ್ಪೋ!" ಎಂಬ ಕೂಗು, ಗಲಾಟೆ. ಚೀಲದ ಗುಡ್ಡದ ಹಿಂದೆ ಏನೂ ಕಾಣದೆ ದಾದಾಪೀರ್ ಇನ್ನೂ ಹೊಗೆಯಾಡುವ ಡಾಂಬರಿನೊಳಕ್ಕೆ ನಡೆದಿದ್ದ. ರಬ್ಬರಿನ ಅಟ್ಟೆ ಮೆತ್ತಗಾಗಿ ಅಂಟಿಕೊಳ್ಳುತ್ತಿತ್ತು. ಬೂಟು ಕಿತ್ತು ಎಸೆದು ಬಕೆಟ್ಟುಗಟ್ಟಲೆ ನೀರು ಸುರಿದರು. ಹಾಲಮ್ಮನ ಅಂಗಾಲಿಗೆ ತಂಪು ಇಳಿಯಿತು. ಆಗ ಆಕೆ ಗೋಡೆಗೆ ಒರಗಿದಳು.

ಪಾದ ಕೆಂಪಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. "ಇನ್ನು ಸ್ವಲ್ಪ ಹೊತ್ತಾಗಿದ್ರೆ ನಾನು ಗರಗಸ ಹುಡುಕಬೇಕಾಗಿತ್ತು," ಎಂದರು ಡಾಕ್ಟರು.

ಸಂಜೆ ದಾದಾಪೀರ್ ಹಾಲಮ್ಮನ ಹೊಸ್ತಿಲ ಹೊರಗೆ ಬಂದು ನಿಂತ. ಒಂದು ಚೀಲ ಮಂಡಕ್ಕಿ ಇಟ್ಟು ಹೋದ. ಆ ಚೀಲ ಬಾಗಿಲಿಗಿಂತ ದೊಡ್ಡದಿತ್ತು. ಅದನ್ನು ಒಳಗೆ ತರಲಾಗದೆ ನೀಲಮ್ಮ ಓಣಿಗೆಲ್ಲ ಹಂಚಿದಳು.

*

ಮಳೆಗಾಲ ಮುಗಿಯುವ ಹೊತ್ತಿಗೆ ಮಹಬೂಬಿ ಒಂದು ಸುದ್ದಿ ತಂದಳು. ಸತ್ತ ನರ ಮತ್ತೆ ಚಿಗುರುವ ಚುಚ್ಚುಮದ್ದು ಬಂದಿದೆಯಂತೆ. ಪಾದಕ್ಕೆ ಕೊಟ್ಟರೆ ನಿಧಾನವಾಗಿ ಸ್ಪರ್ಶ ಮರಳುತ್ತದಂತೆ. ಚಿಕಿತ್ಸಾಲಯಕ್ಕೆ ಪುಕ್ಕಟೆಯಾಗಿ ಸಿಕ್ಕ ಮೊದಲ ಕಂತಿನಲ್ಲಿ ಡಾಕ್ಟರು ದಾದಾಪೀರ್ ಹೆಸರು ಬರೆದಿದ್ದಾರಂತೆ.

"ಇವ ಒಲ್ಲೆ ಅಂತಾನೆ ಅಕ್ಕಾ. ಸೂಜಿ ಹೆದರಿಕಿ ಅಂತ. ದಿನಾ ಇನ್ಸುಲಿನ್ ಚುಚ್ಕಣೋನಿಗೆ ಎಂಥಾ ಸೂಜಿ ಹೆದರಿಕಿ?"

ಅವನೇಕೆ ಒಲ್ಲೆ ಎನ್ನುತ್ತಾನೆಂದು ಹಾಲಮ್ಮನಿಗೆ ತಕ್ಷಣ ಅರ್ಥವಾಯಿತು. ಅದಕ್ಕಿಂತ ಮೊದಲು ಎದೆಯಲ್ಲಿ ಮೂಡಿದ್ದು ನೆಮ್ಮದಿ. ಸದ್ಯ, ಒಲ್ಲೆ ಅಂದಿದ್ದಾನೆ. ನಾಳೆಯೂ ಗೇಟು ದಾಟಬಹುದು. ಮಹಬೂಬಿ ಹೋದ ಮೇಲೂ ಆಕೆ ಆ ನೆಮ್ಮದಿಯನ್ನು ಬಚ್ಚಿಟ್ಟ ಬೆಲ್ಲದ ಹಾಗೆ ಚೀಪುತ್ತ ಕುಳಿತಳು. ಸಿಹಿಯಲ್ಲಿ ಒಂದು ಒಗರು ಇದ್ದೇ ಇತ್ತು. ಹಬ್ಬ ಹತ್ತಿರ ಬರುತ್ತಿತ್ತು, ಸೀರೆಗಳ ರಾಶಿ ಇತ್ತು, ಅದನ್ನು ನೆಪ ಮಾಡಿಕೊಂಡು ದಾದಾಪೀರ್‌ಗೆ ಫೋನು ಮಾಡಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ಅಂಗಾಲಿನ ಸುದ್ದಿ ವಿಚಿತ್ರವಾಗಿತ್ತು. ದಾದಾಪೀರ್ ನಡೆಯುತ್ತಿರಲಿಲ್ಲ, ಕುಳಿತಿದ್ದ. ಪಾದದ ಮೇಲ್ಭಾಗದಲ್ಲಿ, ಮೆಟ್ಟು ಒತ್ತುವ ಜಾಗದಲ್ಲಿ, ಎರಡು ಪುಟ್ಟ ಭಾರಗಳು ಬಂದು ನಿಂತವು. ಬೆಣ್ಣೆ ಮುದ್ದೆಯಂತೆ ಮೆತ್ತಗೆ, ಬೆಚ್ಚಗೆ. ಅವು ಅತ್ತಿತ್ತ ಓಲಾಡಿದವು. ಪುಟ್ಟ ಬೆರಳುಗಳು ಜಾರದಿರಲು ಸಾಕ್ಸನ್ನು ಹಿಡಿದುಕೊಂಡವು. ಆಮೇಲೆ ಆ ಭಾರದ ಸಮೇತ ದೊಡ್ಡ ಪಾದಗಳು ಒಂದೊಂದಾಗಿ ಎದ್ದು ನಡೆದವು.

ಮೊಮ್ಮಗಳು! ಮಗಳು ಬಾಣಂತನಕ್ಕೆ ಬಂದು ತವರಲ್ಲೇ ಉಳಿದಿದ್ದಾಳೆಂದು ಮಹಬೂಬಿ ಹೇಳಿದ್ದಳು. ಕೂಸು ಹೆಜ್ಜೆ ಕಲಿಯುತ್ತಿದೆ, ಅಜ್ಜನ ಪಾದದ ಮೇಲೆ ನಿಂತು.

ಹಾಲಮ್ಮ ಉಸಿರು ಬಿಗಿಹಿಡಿದು ಅನುಭವಿಸಿದಳು. ಹೊಟ್ಟೆಯೊಳಗೆಲ್ಲ ಹಾಲು ಉಕ್ಕಿದಂತಾಯಿತು. ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಇಷ್ಟು ದೂರದ ಓಣಿಯಲ್ಲಿ ಕುಳಿತ ತನಗೆ ಆ ಕೂಸಿನ ಪಾದ ಬೆಚ್ಚಗಿದೆ. ಅಲ್ಲಿ, ಎತ್ತಿ ಆಡಿಸುತ್ತಿರುವ ಅಜ್ಜನಿಗೆ ಮರದ ಹಲಗೆಯ ಮೇಲೆ ನಿಲ್ಲಿಸಿಕೊಂಡ ಹಾಗೆ. ಅವನ ಪಾಲಿನದನ್ನು ತಾನು ಉಣ್ಣುತ್ತಿದ್ದಾಳೆ.

ಮಾರನೆಯ ಬೆಳಗ್ಗೆ ಗಾಡಿ ಹತ್ತಿ ನೇರ ಭಟ್ಟಿಗೇ ಹೋದಳು. ಹೊಗೆಯ ನಡುವೆ ಚೀಲ ಹೊಲಿಯುತ್ತಿದ್ದ ದಾದಾಪೀರ್ ಕಕ್ಕಾಬಿಕ್ಕಿಯಾದ.

"ಸೂಜಿ ಹೆದರಿಕೀನಾ ನಿಂಗೆ?"

"ಹ್ಞೂಂ ಅಕ್ಕಾ."

"ಕೈಯಾಗೆ ದಬ್ಣ ಹಿಡ್ಕಂಡು ಸುಳ್ ಹೇಳ್ಬ್ಯಾಡ."

ಅವನು ದಬ್ಬಣವನ್ನು ಚೀಲಕ್ಕೆ ಚುಚ್ಚಿ ತಲೆ ತಗ್ಗಿಸಿದ. "ನನ್ ಕಾಲು ಉಳಿದಿದ್ದು ನಿನ್ನಿಂದ. ಈಗ ನಾನೇ ನಿನ್ ಕಾಲು ಕಿತ್ಕೊಂಡ್ ಹೋಗ್ಲಾ? ನನ್ ಕೈಲಿ ಆಗಾದಿಲ್ಲಕ್ಕಾ. ಹೆಂಗೂ ನಡೀತಾ ಐತಲ್ಲ, ನಡೀಲಿ."

"ನಿನ್ನೆ ಸಂಜಿ ಕೂಸನ್ನ ಪಾದದ ಮ್ಯಾಲೆ ನಿಲ್ಸ್ಕಂಡಿದ್ದಿ."

"ಹೌದು."

"ಅದರ ಕಾಲು ಎಷ್ಟು ಬೆಚ್ಚಗಿರ್ತಾವೆ, ಗೊತ್ತಾ ನಿಂಗೆ?"

ದಾದಾಪೀರ್ ತನ್ನ ಪಾದಗಳ ಕಡೆ ನೋಡಿಕೊಂಡ.

"ನಂಗೆ ಗೊತ್ತು," ಎಂದಳು ಹಾಲಮ್ಮ. "ಅದು ನಂಗಲ್ಲ ಗೊತ್ತಾಗ್ಬೇಕಾದ್ದು. ಹೋಗು, ಚುಚ್ಚಿಸ್ಕೋ."

ಅವನು ದಬ್ಬಣವನ್ನು ಚೀಲದಿಂದ ಕಿತ್ತು ಪಕ್ಕಕ್ಕಿಟ್ಟ. ಮುಖ ಎತ್ತಿ ಕೇಳಿದ. "ಹಂಗಾರೆ ಅದಕ್ಕೂ ಮೊದ್ಲು ನೀ ಎಲ್ಲಿಗ್ ಹೋಗ್ಬೇಕು, ಹೇಳು. ಎಲ್ಲಿಗಾದ್ರೂ ಸರಿ. ಗುಡ್ಡ ಹತ್ತು ಅಂದ್ರೂ ಹತ್ತೀನಿ."

ಹಾಲಮ್ಮ ಯೋಚಿಸಲೇ ಇಲ್ಲ. "ಎಲ್ಲಿಗೂ ಬ್ಯಾಡ. ಒಂದ್ಸಲ ಓಡ್ತೀಯಾ?"

*

ಮುಂದಿನ ಭಾನುವಾರ ಬೆಳಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ವಾಯುವಿಹಾರಕ್ಕೆ ಬಂದವರೆಲ್ಲ ನಿಂತು ನೋಡಿದರು. ಡಾಕ್ಟರ್ ಬಣಕಾರ್ ದಾರಿಯನ್ನು ಮುಂಚೆಯೇ ನಡೆದು, ಗಾಜು, ಮುಳ್ಳು ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಹಾಲಮ್ಮ ಗಾಡಿಯಲ್ಲಿ, ಪಕ್ಕದಲ್ಲಿ ನೀಲಮ್ಮ. ಕೂಸನ್ನು ಸೊಂಟಕ್ಕೇರಿಸಿಕೊಂಡ ಮಹಬೂಬಿ ಗಂಡನಿಗೆ, "ಬಿದ್ರೆ ನಾ ಎತ್ತಾಕೆ ಬರಾದಿಲ್ಲ ನೋಡು" ಎಂದು ಎಚ್ಚರಿಸಿದಳು.

ದಾದಾಪೀರ್ ಲುಂಗಿ ಬಿಟ್ಟು ಅಳಿಯನ ಪ್ಯಾಂಟು ಹಾಕಿಕೊಂಡು ಬಂದಿದ್ದ. ಒಮ್ಮೆ ಹಾಲಮ್ಮನ ಕಡೆ ನೋಡಿ, ಬಿಸ್ಮಿಲ್ಲಾ ಎಂದು ಹೊರಟ.

ಮೊದಲು ನಡಿಗೆಯೇ ಜೋರಾಯಿತು. ಅದು ಆಕೆಗೆ ಗೊತ್ತಿದ್ದದ್ದೇ. ಆಮೇಲೆ ಹಿಮ್ಮಡಿ ಮಾಯವಾಯಿತು. ಭಾರ ಬೆರಳುಗಳ ಬುಡಕ್ಕೆ ಬಂದು ಚಿಮ್ಮಿತು. ಮತ್ತೆ ಚಿಮ್ಮಿತು. ಹಾಗೆ ಚಿಮ್ಮುವಾಗ, ಒಂದು ಪಾದ ನೆಲ ಬಿಟ್ಟು ಇನ್ನೊಂದು ಮುಟ್ಟುವುದರೊಳಗೆ, ಎರಡೂ ಅಂಗಾಲುಗಳಲ್ಲಿ ಏನೂ ಇರಲಿಲ್ಲ. ನೆಲವಿಲ್ಲ, ಭಾರವಿಲ್ಲ.

ಓಡುವಾಗ ಮನುಷ್ಯರು ನಡುನಡುವೆ ಗಾಳಿಯಲ್ಲಿರುತ್ತಾರೆಂದು ಹಾಲಮ್ಮನಿಗೆ ಯಾರೂ ಹೇಳಿರಲಿಲ್ಲ. ಓಡುವವರಿಗೇ ಅದು ಗೊತ್ತಿರುತ್ತದೋ ಇಲ್ಲವೋ.

"ಅತ್ತಿಗೆ, ಹಾರ್ತಾನೆ ಅವ!" ಎಂದು ಕೂಗಿ ನೀಲಮ್ಮನ ಕೈ ಹಿಡಿದು ಜಗ್ಗಿದಳು. ದೂರದಲ್ಲಿ ಆ ಎತ್ತರದ ಮನುಷ್ಯ ಗಡ್ಡ ಹಾರಿಸಿಕೊಂಡು, ತೋಳು ಬೀಸಿಕೊಂಡು, ಹದ್ದು ಓಡಿಸುವವನಂತೆ ಓಡುತ್ತಿದ್ದ. ಮಹಬೂಬಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕೂಸು ಚಪ್ಪಾಳೆ ತಟ್ಟಿತು. ಹಾಲಮ್ಮ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು, ಯಾವುದನ್ನೂ ಒರೆಸಿಕೊಳ್ಳಲಿಲ್ಲ.

ಆ ವಾರವೇ ದಾದಾಪೀರ್‌ಗೆ ಚುಚ್ಚುಮದ್ದು ಕೊಟ್ಟರು. ನರ ಚಿಗುರುವವರೆಗೂ ಹಾಲಮ್ಮನೇ ಅವನ ಕಾಲು ಹೊತ್ತಳು. ಸಂಕ್ರಾಂತಿ ಕಳೆದು, ಅವನ ಪಾದಕ್ಕೆ ಒತ್ತಡ, ಬಿಸಿ ತಿಳಿಯತೊಡಗಿದ ಮೇಲೆ ಸಿಂಚನಾ ಬಂದು ಪಟ್ಟಿಯನ್ನು ಬೇರೆ ಸಾಕ್ಸಿಗೆ ಜೋಡಿಸಿದಳು. ಚುಚ್ಚುಮದ್ದು ಎಲ್ಲರಿಗೂ ಸಾಲುವಷ್ಟು ಬಂದಿರಲಿಲ್ಲ. ಕಾಲು ಹೊರುವವರಿಗಾಗಿ ಕಾಯುವವರ ಸಾಲು ದೊಡ್ಡದಿತ್ತು. ಹಾಲಮ್ಮನ ಪಾಲಿಗೆ ಬಂದದ್ದು ಹೂ ಮಾರುವ ಈರಮ್ಮ, ಗಿಡ್ಡ ಹೆಜ್ಜೆಯ, ಮಾತು ಮಾತಿಗೂ ನಿಂತು ಹರಟೆ ಹೊಡೆಯುವ ಮುದುಕಿ. ಮೊದಲ ದಿನವೆಲ್ಲ ಹಾಲಮ್ಮನಿಗೆ ಕಿರಿಕಿರಿಯಾಯಿತು. ಆಮೇಲೆ ಈರಮ್ಮ ಸಂತೆಯಲ್ಲಿ ರಾಶಿ ಹಾಕಿದ ಚೆಂಡುಹೂವಿನ ನಡುವೆ ಕಾಲು ಚಾಚಿ ಕುಳಿತಳು. ತಣ್ಣಗೆ, ಮೆತ್ತಗೆ. ಆಗಲಿ, ಇದೂ ಒಂದು ಊರು ಎಂದುಕೊಂಡಳು.

ಹಾಗೇ ಒಂದು ಬೆಳಗ್ಗೆ ಫೋನು ಬಂತು. ಅತ್ತಲಿಂದ ದಾದಾಪೀರ್ ಕಿರುಚುತ್ತಿದ್ದ.

"ಹಾಲಕ್ಕಾ! ಮಂಚದ ಕಾಲಿಗೆ ಎಡವಿದೆ ಅಕ್ಕಾ! ಹೆಬ್ಬೆರಳು!"

"ಅಯ್ಯೋ, ರಕ್ತ ಬಂತಾ?"

"ರಕ್ತ ಇಲ್ಲ. ನೋವಾತು ಅಕ್ಕಾ, ನಂಗೇ ನೋವಾತು! ಎಂಥಾ ನೋವು ಅಂತೀಯ!"

ಹಿಂದೆ ಮಹಬೂಬಿ ಯಾರಿಗೋ, "ನೋಡ್ರೀ, ಕಾಲಿಗೆ ಪೆಟ್ಟಾತು ಅಂತ ಕುಣೀತಾನೆ ಹುಚ್ಚ" ಎನ್ನುತ್ತಿದ್ದದ್ದು ಕೇಳಿಸಿತು. ಹಾಲಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹೆಂಗೈತೆ, ಹೇಳು ತಮ್ಮಾ," ಎಂದಳು. "ಪೂರ್ತಿ ಹೇಳು. ನಾ ಕೇಳ್ತೀನಿ."